ಹಳೇ ಮಿಸ್ತ್ರಿ, ಹೊಸ ಗಾಡಿ, ಲಂಕಾ ರಸ್ತೆ

ಹೊರಡುವ ಮುಂಚೆ, ಕುಷ್ಟಗಿ

ನಮ್ಮ ಮನೆಯ ಕಾರಿಗೆ ಹದಿನಾಲ್ಕು ವರ್ಷ ತುಂಬಿತು. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹಾರ್ನ್ ಒತ್ತಿದರೆ ವೈಪರ್ ಒಮ್ಮೆ ತಲೆಯಾಡಿಸಿ ಸುಮ್ಮನಾಗುತ್ತದೆ. ಯಲಬುರ್ಗಾದಿಂದ ಗಂಗಾವತಿಗೆ, ಅಲ್ಲಿಂದ ನನ್ನ ಹೆಂಡತಿಯ ಅಕ್ಕನ ಊರು ಶ್ರೀರಾಮನಗರಕ್ಕೆ ಅದೆಷ್ಟು ಸಲ ಓಡಿದೆಯೋ ದೇವರಿಗೇ ಗೊತ್ತು. ಆದರೆ ಒಂದು ದಿನವೂ ನಡುದಾರಿಯಲ್ಲಿ ಕೈಕೊಟ್ಟಿಲ್ಲ.

ಅದರ ಪುಣ್ಯವೆಲ್ಲ ಕುಷ್ಟಗಿಯ ಮೌಲಾಸಾಬ್ ಮಿಸ್ತ್ರಿಗೆ ಸೇರಬೇಕು. ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿ ಇರುವಾಗಲೇ ಅದರ ಸಪ್ಪಳ ಕೇಳಿ ಎಲ್ಲಿ ಏನು ಸಡಿಲಾಗಿದೆ ಎಂದು ಹೇಳುವ ಮನುಷ್ಯ ಅವರು. ನಾನು ತಾವರಗೇರಾದ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿದ್ದಾಗಿನಿಂದ ನಮ್ಮಿಬ್ಬರ ಗೆಳೆತನ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವರು, ಸಿಟ್ಟಿನಲ್ಲಿ ದೊಡ್ಡವರು.

ಅಂಥವರು ತಮ್ಮ ಗಾಡಿ ರಿಪೇರಿಯ ಶೆಡ್ ಮುಚ್ಚುತ್ತೇನೆ ಎಂದು ಕೂತುಬಿಟ್ಟರು. ಹೊಸ ಗಾಡಿಗಳು ಅವರ ಶೆಡ್ಡಿನ ಮುಂದೆ ಹಾಯ್ದು ನೇರ ಕೊಪ್ಪಳದ ಷೋರೂಮಿಗೆ ಹೋಗುತ್ತವೆ. ಯಾವುದಾದರೂ ಒಂದು ತಪ್ಪಿ ಬಂದರೂ, ಕಂಪ್ಯೂಟರ್ ಹಚ್ಚಿ ನೋಡಬೇಕು, ಅದೆಲ್ಲ ಇಂಗ್ಲಿಷಿನಲ್ಲಿ ಬರುತ್ತದೆ, ನಾಲ್ಕನೇ ಇಯತ್ತೆ ಕಲಿತ ನನಗೆ ಅದು ದಕ್ಕುವುದಿಲ್ಲ ಎಂದು ಅವರೇ ಕೈಮುಗಿದು ಕಳಿಸುತ್ತಿದ್ದರು. ಅಳಿಯ ಇಮಾಮನಿಗೆ ಆ ಜಾಗ ಮೊಬೈಲ್ ಅಂಗಡಿಗೆ ಬೇಕಾಗಿತ್ತು. ತಿಂಗಳ ಕೊನೆಗೆ ಕೀಲಿ ಕೊಡುವುದಾಗಿ ಅವನಿಗೆ ಮಾತೂ ಕೊಟ್ಟಿದ್ದರು.

ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ಮೌಲಾಸಾಬರು ಪಕ್ಕಡ ಕೆಳಗಿಟ್ಟ ದಿನ ನನ್ನ ಗಾಡಿ ಗುಜರಿಗೆ ಹೋದಂತೆ. ಹೇಗಾದರೂ ಮಾಡಿ ಅವರ ಮನಸ್ಸು ತಿರುಗಿಸಬೇಕಿತ್ತು. ಆಗಲೇ ನನ್ನ ಶ್ರೀಲಂಕಾ ಪ್ರವಾಸ ನಿಶ್ಚಯವಾಗಿತ್ತು. ನನ್ನ ಹೆಂಡತಿಗೆ ವಿಮಾನ ಎಂದರೆ ಆಗದು, ಮೌಲಾಸಾಬರ ಹತ್ತಿರ ಉಮ್ರಾಕ್ಕೆ ಹೋಗಿಬಂದ ಪಾಸ್‌ಪೋರ್ಟ್ ಇತ್ತು. ಮೊದಲೇ ಹೋಗಿಬಂದ ನನ್ನ ಜೊತೆಯ ಮಾಸ್ತರರೊಬ್ಬರು, ಅಲ್ಲಿ ನಮ್ಮ ಕಾರಿನದೇ ಹೊಸ ಮಾದರಿ ಬಾಡಿಗೆಗೆ ಸಿಗುತ್ತದೆ ಎಂದಿದ್ದರು. ಕೊಪ್ಪಳದ ಷೋರೂಮಿನವರು ಹೊಸ ಗಾಡಿಯನ್ನು ಸರ್ಕಲ್ ತನಕ ಓಡಿಸಲು ಕೊಟ್ಟು ಕೀಲಿ ಕಸಿದುಕೊಳ್ಳುತ್ತಾರೆ. ಲಂಕೆಯಲ್ಲಿ ಆರು ದಿನ ಓಡಿಸಬಹುದು. ಬರ್ರಿ, ಒಮ್ಮೆ ಕಣ್ಣಾರೆ ನೋಡ್ರಿ, ಆಮೇಲೆ ಬೇಕಾದರೆ ಮುಚ್ಚಿರಿ ಎಂದೆ. ಅವರು ಒಂದು ದಿನ ಯೋಚನೆ ಮಾಡಿ ಬಂದರು. ಚೀಲದ ತಳದಲ್ಲಿ ಒಂದು ಪಕ್ಕಡ, ಒಂದು ಸ್ಕ್ರೂ ಡ್ರೈವರ್ ಇಟ್ಟುಕೊಂಡಿದ್ದರು. ಪ್ರವಾಸಕ್ಕೆ ಯಾರಾದರೂ ಪಕ್ಕಡ ಒಯ್ಯುತ್ತಾರೇನು ಎಂದು ದಾರಿಯುದ್ದಕ್ಕೂ ನಕ್ಕೆ.

ನೆಗೊಂಬೊ

ಕೊಲಂಬೊ ವಿಮಾನ ನಿಲ್ದಾಣದ ಹತ್ತಿರವೇ ನೆಗೊಂಬೊ. ಗಾಡಿಯ ಮಾಲೀಕರು ಒಬ್ಬ ನಿವೃತ್ತ ಅಂಚೆ ಮಾಸ್ತರರು, ಇಂಗ್ಲಿಷ್ ಚೆನ್ನಾಗಿ ಆಡುತ್ತಿದ್ದರು. ನಾನೂ ನಿವೃತ್ತ ಮಾಸ್ತರನೇ ಎಂದು ಗೊತ್ತಾದ ಮೇಲೆ ಕಾಗದಗಳನ್ನು ನೋಡುವುದನ್ನೇ ಬಿಟ್ಟು ಚಹಾ ತರಿಸಿದರು. ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ನನಗೆ ನಮ್ಮೂರಿಗೇ ಬಂದಂತಾಯಿತು.

ಗಾಡಿಯ ಹೆಸರು ನಮ್ಮದೇ, ಮೂತಿಯೂ ಸ್ವಲ್ಪ ನಮ್ಮದೇ. ಒಳಗೆ ಕೂತರೆ ಬೇರೆ ಲೋಕ. ಕೀಲಿ ತಿರುಗಿಸುವಂತಿಲ್ಲ, ಗುಂಡಿ ಒತ್ತಿದರೆ ಸಾಕು. ಗೇರು ತಾನೇ ಬದಲಾಗುತ್ತದೆ. ಹಿಂದೆ ಸರಿದರೆ ಹಿಂದಿನ ನಾಯಿ, ಕಲ್ಲು, ಕೋಳಿ ಎಲ್ಲವೂ ಮುಂದಿನ ಪರದೆಯ ಮೇಲೆ ಬರುತ್ತವೆ. ನಾನು ಅಂಗಳದಲ್ಲೇ ಮೂರು ಸಲ ಹಿಂದೆ ಮುಂದೆ ಮಾಡಿ ಕೋಳಿಗಳನ್ನು ನೋಡಿದೆ. ಎಂಥಾ ಗಾಡಿ ಮಾಡಿದ್ದಾರಪ್ಪಾ ಎಂದು ಬಾಯಿಬಿಟ್ಟು ಹೇಳಿದೆ.

ಮೌಲಾಸಾಬರು ಪಕ್ಕದಲ್ಲಿ ಕೂತು ತಮ್ಮ ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿದರು. ಎ.ಸಿ. ಹೊರಗೆ ಹೋಗುತ್ತದೆ, ಏರಿಸಿ ಎಂದೆ. ಗಾಜು ಮುಚ್ಚಿದರೆ ಎಂಜಿನ್ನಿನ ಮಾತು ಕೇಳುವುದಿಲ್ಲ ಎಂದು ಹಾಗೇ ಬಿಟ್ಟರು. ಆರು ದಿನವೂ ಆ ನಾಲ್ಕು ಬೆರಳಿನ ಸಂದಿಯಿಂದ ಬಿಸಿಗಾಳಿ ಒಳಗೆ ಬರುತ್ತಲೇ ಇತ್ತು.

ಕುರುನೇಗಲ

ಇಲ್ಲಿ ನಮ್ಮ ಮರ್ಯಾದೆ ಹೋಯಿತು. ಪೇಟೆಯ ನಡುವೆ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತದ್ದೇ ತಡ, ಎಂಜಿನ್ ಬಂದ್. ಸಪ್ಪಳವೇ ಇಲ್ಲ. ನಾನಿನ್ನೂ ಗುಂಡಿ ಹುಡುಕುತ್ತಿದ್ದೆ, ಮೌಲಾಸಾಬರು ಆಗಲೇ ಇಳಿದು ಮುಂದೆ ಹೋಗಿ ಬಾನೆಟ್ ಎತ್ತಿಬಿಟ್ಟರು. ಹಸಿರು ದೀಪ ಬಂತು. ಹಿಂದೆ ಹತ್ತಿಪ್ಪತ್ತು ಗಾಡಿ.

ನಮ್ಮ ಕೊಪ್ಪಳದಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹಾರ್ನಿನ ಗದ್ದಲಕ್ಕೆ ಕಿವಿ ಹರಿದುಹೋಗುತ್ತಿತ್ತು, ನಾನೇ ಮೊದಲು ಹೊಡೆಯುತ್ತಿದ್ದೆ. ಅಲ್ಲಿ ಒಬ್ಬರೂ ಹಾರ್ನ್ ಮಾಡಲಿಲ್ಲ. ಹಿಂದಿನ ಆಟೋದವನು ಇಳಿದು ಬಂದು, ತಳ್ಳಬೇಕೇ ಎಂದು ಕೈಸನ್ನೆ ಮಾಡಿದ. ಆಮೇಲೆ ಪರದೆ ನೋಡಿ ನಕ್ಕು, ಬ್ರೇಕಿನಿಂದ ಕಾಲು ತೆಗೆಯಲು ಹೇಳಿದ. ತೆಗೆದೆ. ಎಂಜಿನ್ ತಾನೇ ಶುರುವಾಯಿತು. ಎಣ್ಣೆ ಉಳಿಸಲು ಈ ಗಾಡಿ ಸಿಗ್ನಲ್ಲಿನಲ್ಲಿ ತಾನಾಗಿ ಮಲಗಿ ತಾನಾಗಿ ಏಳುತ್ತದಂತೆ. ಬಾನೆಟ್ ಮುಚ್ಚಿ ಬಂದು ಕೂತ ಮೌಲಾಸಾಬರ ಮುಖ ಸಣ್ಣದಾಗಿತ್ತು.

ಊರು ದಾಟಿ ಒಂದು ಮರದ ಕೆಳಗೆ ನಿಲ್ಲಿಸಲು ಹೇಳಿದರು. ಬಾನೆಟ್ಟನ್ನು ಮತ್ತೆ ಎತ್ತಿ ಸುಮ್ಮನೆ ನೋಡುತ್ತ ನಿಂತರು. ಎಂಜಿನ್ನಿನ ಮೇಲೊಂದು ಕರಿ ಪ್ಲಾಸ್ಟಿಕ್ ಮುಚ್ಚಳ, ಅದರ ಸುತ್ತ ಒಂದರ ಮೇಲೊಂದು ಡಬ್ಬಿ, ವೈರು. ಕೈ ಇಳಿಸಲು ಎರಡು ಕಡೆ ನೋಡಿದರು, ಜಾಗ ಸಾಲಲಿಲ್ಲ.

"ಗಾಡಿ ಭಾಳ ಛಲೋ ಐತ್ರಿ ಮಾಸ್ತರ್ರ, ಸುಳ್ಳ ಹೇಳಬಾರ್ದು," ಎಂದರು. "ಆದ್ರ ಇದರಾಗ ನನ್ನ ಕೈ ಇಳ್ಯಾಂಗಿಲ್ಲ. ತಾನ ಬಂದ್ ಆಕ್ಕೈತಿ, ತಾನ ಚಾಲೂ ಆಕ್ಕೈತಿ. ಇನ್ನ ನಾವ್ಯಾಕ ಬೇಕ್ರಿ ಇದಕ್ಕ?"

ಮನಸ್ಸು ತಿರುಗಿಸಲು ಕರೆತಂದವನು ನಾನೇ ಅವರ ಕೈಯಿಂದ ಶೆಡ್ಡಿನ ಕೀಲಿ ಕಿತ್ತು ಅಳಿಯನಿಗೆ ಕೊಟ್ಟಂತಾಯಿತು.

ದಂಬುಳ್ಳದ ದಾರಿ

ಲಂಕೆಯ ರಸ್ತೆಗಳನ್ನು ಹೊಗಳದೆ ಮುಂದೆ ಹೋಗಲಾರೆ. ಪಟ್ಟೆ ಬಳಿದ ಕಡೆ ಯಾರಾದರೂ ಕಾಲಿಟ್ಟರೆ ಸಾಕು, ಗಾಡಿಗಳು ನಿಲ್ಲುತ್ತವೆ. ಮೊದಲ ದಿನ ನಾನು ನಿಲ್ಲಿಸಿದಾಗ ಒಬ್ಬ ಅಜ್ಜಿ ನಿಧಾನವಾಗಿ ದಾಟಿ, ಆಚೆ ಹೋಗಿ ತಿರುಗಿ ನನಗೆ ತಲೆಬಾಗಿಸಿದಳು. ಮೂವತ್ತು ವರ್ಷ ಗಾಡಿ ಓಡಿಸಿದ್ದೇನೆ, ರಸ್ತೆ ದಾಟಿದವರು ನನಗೆ ಬೈದದ್ದೇ ಹೆಚ್ಚು. ದಾರಿಬದಿಯ ಗುಡಿಗಳ ಮುಂದೆ ಬಸ್ಸಿನವರು ನಿಲ್ಲಿಸಿ ಹುಂಡಿಗೆ ಕಾಸು ಹಾಕಿ ಮುಂದೆ ಹೋಗುತ್ತಾರೆ, ಇದು ಮಾತ್ರ ನಮ್ಮ ಕಡೆಯಂತೆಯೇ.

ಚಹಾದ ಅಂಗಡಿಯಲ್ಲಿ ಹಾಲಿಲ್ಲದ ಚಹಾ ಕೊಟ್ಟು, ಅಂಗೈಗೆ ಒಂದು ಚೂರು ಬೆಲ್ಲ ಇಟ್ಟರು. ನಾನು ಬೆಲ್ಲವನ್ನು ಚಹಾಕ್ಕೆ ಹಾಕಿ ಕದಡಿದೆ. ಅಂಗಡಿಯ ಹೆಣ್ಣುಮಗಳು ನನ್ನನ್ನು ಕನಿಕರದಿಂದ ನೋಡಿ, ಕಚ್ಚಿ ಕುಡಿಯಬೇಕೆಂದು ತೋರಿಸಿಕೊಟ್ಟಳು. ಬೆಲ್ಲ ಕಚ್ಚಿಕೊಂಡು ಕುಡಿದ ಎರಡನೇ ಲೋಟದ ರುಚಿ ಇನ್ನೂ ಬಾಯಲ್ಲಿದೆ. ಪೆಟ್ರೋಲ್ ಬಂಕಿಗೆ ಅಲ್ಲಿ ಶೆಡ್ ಎನ್ನುತ್ತಾರೆ. ಯಾರಾದರೂ ಆ ಮಾತು ಆಡಿದಾಗಲೆಲ್ಲ ಮೌಲಾಸಾಬರು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು.

ಅನುರಾಧಪುರದ ಆಚೆ

ಅನುರಾಧಪುರದ ಕೆರೆಗಳನ್ನು ನೋಡಿದರೆ ಯಲಬುರ್ಗಾದವನಿಗೆ ಹೊಟ್ಟೆಕಿಚ್ಚು ಬರದೆ ಇರದು. ಆಚೆ ದಡ ಕಾಣದಷ್ಟು ನೀರು. ಕೆರೆ ದಾಟಿ ಒಳದಾರಿ ಹಿಡಿದರೆ ಮತ್ತೆ ಒಣಭೂಮಿ, ಮುಳ್ಳುಕಂಟಿ, ನವಿಲು. ಇಲ್ಲಿ ನನ್ನ ಜೀವಕ್ಕೆ ಹಾಯೆನಿಸಿತು.

ಆ ದಾರಿಯ ಒಂದು ಕಡೆ ಕಾಯಿ ಸಮೇತ ಕಿತ್ತ ಉದ್ದಿನ ಗಿಡಗಳನ್ನು ಹಾಸಿದ್ದರು. ನನ್ನ ಕಣ್ಣು ಅರಳಿತು. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಸುಗ್ಗಿಯಲ್ಲಿ ಹುರುಳಿ, ಹೆಸರು, ಸಜ್ಜೆಯನ್ನು ರಸ್ತೆಗೇ ಹಾಸುತ್ತಾರೆ. ಹೋಗಿಬರುವ ಗಾಡಿಗಳ ಗಾಲಿಗಳೇ ತುಳಿದು, ಕಾಳು ಬಿಡಿಸಿ ರಾಶಿ ಮಾಡಿಕೊಡುತ್ತವೆ. ಹಾಕಬೇಡಿ ಎಂದು ಪೊಲೀಸರು ಎಷ್ಟು ಹೇಳಿದರೂ ಹಾಕುತ್ತಾರೆ, ತುಳಿಸದೆ ಬದಿಗೆ ಬಳಸಿಕೊಂಡು ಹೋದ ಡ್ರೈವರನನ್ನು ಸೊಕ್ಕಿನವನು ಎನ್ನುತ್ತಾರೆ. ನಾನು ರೈತನ ಮಗ. ಪರದೇಶದಲ್ಲಾದರೂ ಸೊಕ್ಕು ತೋರಿಸಲು ಮನಸ್ಸಾಗದೆ ಸ್ಟಿಯರಿಂಗ್ ತಿರುಗಿಸಿ ನೇರ ಉದ್ದಿನ ಮೇಲೆ ಹೋದೆ. ಕಾಯಿ ಚಟಚಟ ಒಡೆದವು. ಆ ಸಪ್ಪಳಕ್ಕೆ ಮೌಲಾಸಾಬರ ಮುಖದಲ್ಲಿ ಎರಡು ದಿನದ ಮೇಲೆ ನಗು ಬಂತು. ಇನ್ನೊಂದು ಸಲ ಹೊಡೆಯಿರಿ, ಕಾಳು ಪೂರ್ತಿ ಬಿಟ್ಟಿಲ್ಲ ಎಂದರು. ಹಿಂದಿನ ಕ್ಯಾಮೆರಾದಲ್ಲಿ ಉದ್ದು ನೋಡುತ್ತ ಹಿಂದೆ ಬಂದೆ, ಮತ್ತೆ ಮುಂದೆ ಹೋದೆ. ಒಟ್ಟು ಮೂರು ಸಲ.

ಹೊಲದ ಕಡೆಯಿಂದ ಒಬ್ಬ ಹೆಣ್ಣುಮಗಳು ಎರಡೂ ಕೈ ಬೀಸುತ್ತ ಓಡಿಬಂದಳು. ಎಷ್ಟು ಸಂತೋಷಪಟ್ಟಳು ನೋಡ್ರಿ ಎಂದು ನಾವೂ ಕೈ ಬೀಸಿ ಹೊರಟೆವು.

ಒಂದೆರಡು ಮೈಲಿ ಹೋಗಿರಬೇಕು. ಪರದೆಯ ಮೇಲೆ ಎಲ್ಲವೂ ಸರಿಯಾಗಿತ್ತು, ಒಂದು ಕೆಂಪು ದೀಪವೂ ಇರಲಿಲ್ಲ. ಮೌಲಾಸಾಬರು ಕಿಟಕಿಯ ಸಂದಿಗೆ ಮೂಗು ಹಚ್ಚಿದರು.

"ನಿಂದರಸ್ರಿ," ಎಂದರು. "ಹೊಟ್ಟು ಸುಡಾಕತ್ತೈತಿ."

ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಇಳಿದು ಬಗ್ಗಿ ನೋಡಿದರೆ ಗಾಡಿಯ ಹೊಟ್ಟೆಯ ತುಂಬ ಉದ್ದಿನ ಗಿಡ. ಗಾಲಿಯ ದಂಡಕ್ಕೆ ಸುತ್ತಿಕೊಂಡು, ಹೊಗೆ ಕೊಳವೆಗೆ ಒತ್ತಿಕೊಂಡು, ಅಲ್ಲಿಂದ ಬೆಳ್ಳಗೆ ಹೊಗೆ ಏಳುತ್ತಿತ್ತು. ನಮ್ಮ ಕಡೆ ಹೀಗೆಯೇ ಗಾಡಿ ಸುಟ್ಟದ್ದನ್ನು ನಾನು ಕೇಳಿದ್ದೆ. ಮೌಲಾಸಾಬರು ಅಂಗಿ ಕಳಚಿ, ಡಾಂಬರಿನ ಮೇಲೆ ಬೆನ್ನು ಹಚ್ಚಿ ಕೆಳಗೆ ಸರಿದರು. ನಾನು ನಕ್ಕಿದ್ದ ಪಕ್ಕಡದಿಂದಲೇ ಒಂದೊಂದು ಹಿಡಿ ಎಳೆದು ಎಸೆದರು. ನಾನು ಕುಡಿಯುವ ನೀರಿನ ಬಾಟಲಿಗಳನ್ನು ಸುರಿದೆ, ಅವು ಎಷ್ಟರ ಮಟ್ಟಿಗೆ ಸಾಕು? ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕು ಬಂದು ನಿಂತಿತು. ಆ ಹೆಣ್ಣುಮಗಳ ಗಂಡ. ಬೈಯಲು ಬಂದ, ಬೈಸಿಕೊಳ್ಳೋಣ ಎಂದು ನಾನು ಕೈಮುಗಿದೆ. ಅವನ ಬೈಕಿನ ಹಿಂದೆ ನೀರು ತುಂಬಿದ ದೊಡ್ಡ ಕ್ಯಾನ್ ಕಟ್ಟಿತ್ತು. ಗಿಡ ಸಿಕ್ಕಿಕೊಂಡು ಬೆಂಕಿ ಹತ್ತೀತೆಂದು ಅವನು ನಮ್ಮ ಬೆನ್ನುಹತ್ತಿ ಬಂದಿದ್ದ.

ಹೊಗೆ ನಿಂತ ಮೇಲೆ ಅವನು ಅಂಗೈ ತೆರೆದು ತೋರಿಸಿದ. ಒಡೆದ ಉದ್ದು, ಒಳಗಿನ ಬಿಳಿ ಬೇಳೆ ಕಾಣುತ್ತಿತ್ತು. ಅರೆಬರೆ ಇಂಗ್ಲಿಷಿನಲ್ಲಿ, ಅದು ಬಿತ್ತನೆಗೆ ಇಟ್ಟದ್ದು ಎಂದ. ಒಣಗಲು ಹಾಸಿದ್ದರು, ರಾಶಿಗಲ್ಲ. ಒಡೆದ ಕಾಳು ಮೊಳೆಯುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಮೌಲಾಸಾಬರು ಹಣೆ ಬಡಿದುಕೊಂಡರು. ಶ್ರೀರಾಮನಗರದಲ್ಲಿ ನೆಲ್ಲನ್ನು ಒಣಗಿಸಲು ರಸ್ತೆಯ ಒಂದೇ ಮಗ್ಗಲಿಗೆ ಹಾಕಿ ಅಂಚಿಗೆ ಕಲ್ಲಿಟ್ಟಿರುತ್ತಾರೆ, ಅಲ್ಲಿ ಯಾರೂ ಗಾಲಿ ಹಾಕುವುದಿಲ್ಲ. ಇಲ್ಲಿಯೂ ಕಲ್ಲಿಟ್ಟಿದ್ದರು. ನಾವಿಬ್ಬರೂ ಒಣಭೂಮಿಯ ಮಂದಿ, ಕಲ್ಲನ್ನು ಕಂಡೂ ಕಾಣಲಿಲ್ಲ.

ಉದ್ದಿನ ಮೊರದ ಮುಂದೆ

ಗಾಡಿ ಈಗ ಒಂದು ಹಳದಿ ದೀಪ ಹತ್ತಿಸಿಕೊಂಡು ಕೂತಿತ್ತು. ಆ ಬೈಕಿನ ರೈತ ನಮ್ಮನ್ನು ಹತ್ತಿರದ ಸಣ್ಣ ಪೇಟೆಯ ಒಂದು ಗ್ಯಾರೇಜಿಗೆ ನಿಧಾನವಾಗಿ ಕರೆದೊಯ್ದ. ಅಲ್ಲಿನ ಮೆಕ್ಯಾನಿಕ್ಕನನ್ನು ಎಲ್ಲರೂ ಬಾಸ್ ಎನ್ನುತ್ತಿದ್ದರು, ನಾವು ಮಿಸ್ತ್ರಿ ಎನ್ನುವಂತೆ. ತಳಭಾಗ ತಣ್ಣಗಾಗಲಿ, ನಾಳೆ ಬೆಳಿಗ್ಗೆ ನೋಡುತ್ತೇನೆ ಎಂದು ಬಾಸ್ ಹೇಳಿದ್ದನ್ನು ಆ ರೈತನೇ ತನ್ನ ಇಂಗ್ಲಿಷಿನಲ್ಲಿ ತಿಳಿಸಿದ. ಇಡೀ ಮಧ್ಯಾಹ್ನ ಕೈಯಲ್ಲಿತ್ತು. ಆ ಹೆಣ್ಣುಮಗಳ ಮುಂದೆ ಹೋಗಿ ನಿಲ್ಲದೆ ನನಗೆ ಸಮಾಧಾನವಿರಲಿಲ್ಲ.

ಅವಳು ನಮ್ಮನ್ನು ನೋಡಿ ಸಿಟ್ಟಿನಿಂದ ಏನೋ ಅಂದಳು. ಅನ್ನಬೇಕಾದದ್ದೇ. ನಾನು ಅಂಗಳದಲ್ಲಿದ್ದ ಮೊರ ತೆಗೆದುಕೊಂಡು ಕೂತೆ. ಮೌಲಾಸಾಬರೂ ಕೂತರು. ಇಡಿ ಕಾಳು ಒಂದು ಕಡೆ, ಒಡಕು ಒಂದು ಕಡೆ. ನಮ್ಮವ್ವನ ಜೊತೆ ಚಿಕ್ಕವನಿದ್ದಾಗ ಮಾಡಿದ ಕೆಲಸ ಬೆರಳಿಗೆ ಮರೆತಿರಲಿಲ್ಲ. ನಾನು ಮೊರದಲ್ಲಿ ಕೇರುವುದನ್ನು ಸ್ವಲ್ಪ ಹೊತ್ತು ನೋಡಿದ ಆಕೆ, ತಾನೂ ಎದುರಿಗೆ ಕೂತಳು. ಸಂಜೆಯ ಹೊತ್ತಿಗೆ ಬಿತ್ತನೆಗೆ ಬೇಕಾದಷ್ಟು ಇಡಿ ಕಾಳು ಸಿಕ್ಕಿತು. ಆಗ ಅವಳು ನಕ್ಕಳು. ನಮ್ಮನ್ನು ಅಲ್ಲೇ ಉಳಿಸಿಕೊಂಡರು. ಒಡೆದ ಉದ್ದು ಮರುದಿನ ಬೆಳಿಗ್ಗೆ ದೋಸೆಯಾಗಿ ನಮ್ಮ ಎಲೆಗೇ ಬಂತು. ಮಾಡಿದ ತಪ್ಪನ್ನು ಹೀಗೆ ಬಿಸಿಬಿಸಿಯಾಗಿ ತಿನ್ನುವ ಯೋಗ ಎಲ್ಲರಿಗೂ ಬರುವುದಿಲ್ಲ.

ಬಾಸ್‌ನ ಗ್ಯಾರೇಜು

ತಗಡಿನ ಮಾಡು, ಎಣ್ಣೆ ಕುಡಿದ ನೆಲ, ಗೋಡೆಗೆ ತೂಗುಹಾಕಿದ ಪಾನಾಗಳು. ಕುಷ್ಟಗಿಯ ಶೆಡ್ಡನ್ನೇ ಎತ್ತಿ ತಂದು ಇಟ್ಟಂತಿತ್ತು. ಬಾಸ್ ಐವತ್ತೈದು ದಾಟಿದವನು. ಮೊಬೈಲಿನಷ್ಟು ದೊಡ್ಡದಾದ ಒಂದು ಯಂತ್ರ ತಂದು, ಸ್ಟಿಯರಿಂಗಿನ ಕೆಳಗೆ ಅದರ ವೈರು ಚುಚ್ಚಿದ. ಅದರಲ್ಲಿ ಕೆಟ್ಟದ್ದು ಯಾವುದೆಂದು ಸೂಚಿಸುವ ಒಂದು ಅಕ್ಷರ, ನಾಲ್ಕು ಅಂಕಿ ಮೂಡಿದವು, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ನಾನು ಮಾಸ್ತರನ ಚಟಕ್ಕೆ ಆ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳಲು ಹೋದೆ. ಬಾಸ್ ನನ್ನ ಕಡೆ ನೋಡಲೂ ಇಲ್ಲ. ಗೋಡೆಯ ಗೂಡಿನಿಂದ ಮಸಿ ಹಿಡಿದ ಒಂದು ನೋಟ್‌ಬುಕ್ ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದ. ಎಡಗಡೆ ಸಾಲಾಗಿ ಅಂಕಿಗಳು. ಬಲಗಡೆ ಸಿಂಹಳದಲ್ಲಿ ಅವನದೇ ಕೈಬರಹ, ಅಲ್ಲಲ್ಲಿ ಒಂದು ಪೈಪು, ಒಂದು ಬೋಲ್ಟಿನ ಚಿತ್ರ. ಆ ಅಂಕಿ ಹುಡುಕಿದ, ಎದುರಿಗಿದ್ದದ್ದನ್ನು ಓದಿದ, ಗಾಡಿಯ ಕೆಳಗೆ ಹೋದ.

ಮೌಲಾಸಾಬರು ನನ್ನ ತೋಳು ಹಿಡಿದರು. ಬೆರಳು ಒತ್ತಿದ ಗುರುತು ಮೂಡುವಷ್ಟು ಗಟ್ಟಿಯಾಗಿ.

"ಇವಗೂ ಇಂಗ್ಲಿಷ್ ಬರಂಗಿಲ್ರಿ ಮಾಸ್ತರ್ರ."

ಆಮೇಲೆ ನಾನು ಆ ಗ್ಯಾರೇಜಿನಲ್ಲಿ ಇದ್ದೂ ಇಲ್ಲದವನಾದೆ. ಹೊಗೆ ಕೊಳವೆಯ ಪಕ್ಕದ ಒಂದು ವೈರು ಸುಟ್ಟಿತ್ತು. ಬಾಸ್ ಅದನ್ನು ಬದಲಿಸಿದ, ದೀಪ ಆರಿತು, ಗಾಡಿ ಸ್ವಲ್ಪ ಓಡಿಸಿದರೆ ಮತ್ತೆ ಹತ್ತಿತು. ಯಂತ್ರ ಅದೇ ಅಂಕಿ ತೋರಿಸಿತು. ಬಾಸ್ ತಲೆ ಕೆರೆದುಕೊಂಡ. ಆಗ ಮೌಲಾಸಾಬರು ಬಗ್ಗಿ, ಕಣ್ಣು ಮುಚ್ಚಿ, ವೈರಿನ ಕಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಉದ್ದಕ್ಕೂ ಸವರುತ್ತ ಹೋದರು. ಒಂದು ಕಡೆ ನಿಂತರು. ಮೇಲೆ ಸುತ್ತಿದ ಟೇಪು ನೆಟ್ಟಗಿತ್ತು. ಬಿಚ್ಚಿದರೆ ಒಳಗೆ ಇನ್ನೊಂದು ವೈರು ಕರಗಿ ತಗಡಿಗೆ ಅಂಟಿತ್ತು. ಅದನ್ನು ಸರಿಮಾಡಿದ ಮೇಲೆ ಎಷ್ಟು ಓಡಿಸಿದರೂ ದೀಪ ಬರಲಿಲ್ಲ.

ಬಾಸ್ ನೋಟ್‌ಬುಕ್ ತಂದು, ಆ ಅಂಕಿಯ ಮುಂದೆ ಒಂದು ಸಾಲು ಹೊಸದಾಗಿ ಬರೆದ. ನಿಮ್ಮ ಹೆಸರೇನು ಎಂದು ಸನ್ನೆಯಿಂದ ಕೇಳಿ, ಅದನ್ನೂ ಅಲ್ಲೇ ಬರೆದುಕೊಂಡ. ಮೌಲಾಸಾಬರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಮುಚ್ಚಿಡುವುದೇನಿದೆ?

ಅದರ ಮರುದಿನ ಸಿಗಿರಿಯ ಬಂಡೆ ಹತ್ತುವ ಯೋಜನೆ ಇತ್ತು. ಮೌಲಾಸಾಬರು ಬರಲಿಲ್ಲ. ಬಾಸ್‌ನ ಗ್ಯಾರೇಜಿನಲ್ಲೇ ಕೂತು, ಪೇಟೆಯಲ್ಲಿ ಕೊಂಡ ಇನ್ನೂರು ಪುಟದ ನೋಟ್‌ಬುಕ್ಕಿಗೆ ಅಂಕಿಗಳನ್ನು ಇಳಿಸುತ್ತಿದ್ದರು. ಬಾಸ್ ಒಂದೊಂದು ಭಾಗವನ್ನೂ ಮುಟ್ಟಿ ತೋರಿಸುತ್ತಿದ್ದ, ಇವರು ತಮ್ಮ ನಾಲ್ಕನೇ ಇಯತ್ತೆಯ ಕನ್ನಡದಲ್ಲಿ ಎದುರಿಗೆ ಬರೆಯುತ್ತಿದ್ದರು. ನಾನು ಒಬ್ಬನೇ ಬಂಡೆ ಹತ್ತಿ, ಮಂಡಿ ನೋಯಿಸಿಕೊಂಡು ಬಂದೆ. ಬರಹದಲ್ಲಿ ಒತ್ತಕ್ಷರಗಳು ತಪ್ಪಿದ್ದವು. ತಿದ್ದಲು ಪೆನ್ನು ತೆಗೆದವನು ಹಾಗೇ ಜೇಬಿಗೆ ಇಟ್ಟೆ.

ಹಿಂದಿರುಗುವ ದಿನ

ಗಾಡಿಯನ್ನು ಒಪ್ಪಿಸುವಾಗ ಅಂಚೆ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಅವರು ಬಗ್ಗಿ ಗಾಡಿಯ ತಳ ನೋಡಲಿಲ್ಲ. ಮೌಲಾಸಾಬರ ಕೈ ಹಿಡಿದು, ಮುಂಗೈ ಮೇಲೆ ಹೊಗೆ ಕೊಳವೆ ತಾಗಿ ಎದ್ದ ಬೊಬ್ಬೆ ನೋಡಿ, ಒಳಗಿನಿಂದ ಮುಲಾಮು ತಂದು ಹಚ್ಚಿದರು. ಅಂಥ ಜನ.

ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂತು ಮೌಲಾಸಾಬರು ಅಳಿಯನಿಗೆ ಫೋನು ಹಚ್ಚಿದರು. ಮಾತು ಉರ್ದುವಿನಲ್ಲಿ ನಡೆಯಿತು, ಬಹಳ ಹೊತ್ತು ನಡೆಯಲಿಲ್ಲ. ಮಾತು ಕೊಟ್ಟು ತಪ್ಪಿದ್ದು ನನ್ನದೇ ತಪ್ಪು, ನಿನಗೆ ಬೇರೆ ಜಾಗ ನಾನೇ ನಿಂತು ಹುಡುಕಿಕೊಡುತ್ತೇನೆ, ಶೆಡ್ ಮಾತ್ರ ಬಿಡುವುದಿಲ್ಲ ಎಂದರು. ಆಚೆಯಿಂದ ಇಮಾಮ ಮುನಿಸಿಕೊಂಡನೆಂದು ಕಾಣುತ್ತದೆ, ಇವರು ಎರಡು ಸಲ ಬೇಟಾ ಬೇಟಾ ಎಂದು ಸಮಾಧಾನ ಮಾಡಿದರು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಂದ ಕೆಲಸ ಆಯಿತು. ಇನ್ನು ಹತ್ತು ವರ್ಷ ನನ್ನ ಗಾಡಿಯ ಚಿಂತೆ ಇಲ್ಲ, ಊರಿಗೆ ಹೋದ ಕೂಡಲೇ ಆ ಹಿಂದಿನ ಬಾಗಿಲು ಸರಿ ಮಾಡಿಸಬೇಕು ಎಂದು ಅವರಿಗೇ ಹೇಳಿದೆ. ಮೌಲಾಸಾಬರು ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಆ ಗಾಡಿ ಮಾರಿಬಿಡ್ರಿ ಮಾಸ್ತರ್ರ," ಎಂದರು. "ನನಗ ಏನ ಕಲಿಸಬೇಕೋ ಅದೆಲ್ಲಾ ಅದು ಕಲಿಸಿ ಮುಗಿಸೈತಿ. ಹೊಸಾದು ತಗೊಂಡು ಬಂದು ನನ್ನ ಶೆಡ್ಡಿನ ಮುಂದ ನಿಂದರಸ್ರಿ. ಇಲ್ಲಾಂದ್ರ ನಾ ಯಾರ ಗಾಡಿ ಮ್ಯಾಲ ಕಲೀಲಿ?"

ಆ ಗಾಡಿಯನ್ನು ಉಳಿಸಿಕೊಳ್ಳಲೆಂದೇ ಈ ಮನುಷ್ಯನನ್ನು ಸಮುದ್ರ ದಾಟಿಸಿದ್ದೆ. ಅವರು ಒತ್ತಾಯ ಮಾಡಲಿಲ್ಲ, ಮುಲಾಮು ಹಚ್ಚಿದ ಕೈಯಲ್ಲಿ ಮುಂದಿನ ಖಾಲಿ ಹಾಳೆಗೆ ಸ್ಕೇಲಿಟ್ಟು ನಡುವೆ ಗೆರೆ ಎಳೆಯುತ್ತಿದ್ದರು.

ಹದಿನಾಲ್ಕು ವರ್ಷದಿಂದ ಗಾಡಿಯ ವಿಷಯದಲ್ಲಿ ಅವರು ಹೇಳಿದ್ದಕ್ಕೆ ನಾನು ಇಲ್ಲ ಎಂದವನಲ್ಲ. ವಿಮಾನ ಹತ್ತುವ ಸಾಲಿನಲ್ಲಿ ನಿಂತಾಗ, ಆಗಲಿ ಎಂದೆ.